ಕಲೆಯೂ ಜೀವನೋಪಾಯವೂ

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯು ನಮಗೆಲ್ಲರಿಗೂ ತಿಳಿದಿದೆ. ಅನ್ನವಿಲ್ಲದೆ ಅಲಂಕಾರಕ್ಕೆ ಹಂಬಲಿಸುವವನನ್ನು ಅದು ಹಾಸ್ಯ ಮಾಡುತ್ತದೆ. ಆದರೆ ಹಿಟ್ಟೊಂದೇ ಇದ್ದು ಮಲ್ಲಿಗೆಯೇ ಇಲ್ಲದ ಬದುಕು ಪೂರ್ಣವಾದೀತೆ? ಎರಡನ್ನೂ ಪಡೆಯುವ ಬಗೆ ಹೇಗೆ? ಕಲಾವಿದನನ್ನು ಎಲ್ಲ ಕಾಲದಲ್ಲಿಯೂ ಕಾಡಿರುವ ಈ ಪ್ರಶ್ನೆಗೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ಎಂಬ ನೆರೆಹೊರೆಯ ತಾಲ್ಲೂಕುಗಳು ತಮ್ಮದೇ ಆದ ಉತ್ತರಗಳನ್ನು ನೀಡಿವೆ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಇಂದು ಒಂದು ಸಣ್ಣ ಗ್ರಾಮ. ಒಂದು ಕಾಲದಲ್ಲಿ ಅದು ಬನವಾಸಿ ನಾಡಿನ ರಾಜಧಾನಿಯಾಗಿ ಮೆರೆದ ನಗರ. ಅಲ್ಲಿದ್ದ ಕೋಡಿಯ ಮಠವನ್ನು 1162ರ ಶಾಸನವೊಂದು ಬಣ್ಣಿಸುತ್ತದೆ. ಅದು ವೇದ, ವ್ಯಾಕರಣ, ದರ್ಶನಗಳ ವಿದ್ಯಾಸ್ಥಾನವಾಗಿತ್ತು. ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಕ್ಕುವ ತಾಣವೂ ಆಗಿತ್ತು. ಅಲ್ಲಿ ಉಣ್ಣುತ್ತಿದ್ದವರಲ್ಲಿ ಕಥೆಗಾರರು, ಗಾಯಕರು, ವಾದಕರು, ನರ್ತಕರು ಸಹ ಸೇರಿದ್ದರು ಎಂಬುದು ಗಮನಿಸತಕ್ಕ ಸಂಗತಿ. ಕಲಾವಿದನ ಹಸಿವನ್ನು ನೀಗುವುದು ಸಮಾಜದ ಹೊಣೆ ಎಂಬುದನ್ನು ನಮ್ಮ ಹಿರಿಯರು ಎಂಟು ಶತಮಾನಗಳ ಹಿಂದೆಯೇ ಅರಿತಿದ್ದರು.

ಅದೇ ಬಳ್ಳಿಗಾವಿಯ ಶಿಲ್ಪಿ ದಾಸೋಜ. ವಿಷ್ಣುವರ್ಧನನು ಬೇಲೂರಿನಲ್ಲಿ ಕಟ್ಟಿಸಿ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯದಲ್ಲಿ ಅವನೂ ಅವನ ಮಗ ಚಾವಣನೂ ದುಡಿದರು. ಅಲ್ಲಿಯ ಹಲವು ಮದನಿಕೆಯರ ವಿಗ್ರಹಗಳು ಈ ತಂದೆ ಮಕ್ಕಳ ಕೈಯಲ್ಲಿ ಅರಳಿದವು. ಕೆಲಸ ಅರಸನದು. ವಿಗ್ರಹ ನಿಲ್ಲಬೇಕಾದ ಸ್ಥಳವೂ ಗೊತ್ತಾದದ್ದೇ: ಕಂಬಕ್ಕೂ ಸೂರಿಗೂ ನಡುವೆ ಓರೆಯಾಗಿ ನಿಲ್ಲಬೇಕು. ಆದರೂ ಕನ್ನಡಿ ಹಿಡಿದವಳೊಬ್ಬಳು, ಬೇಟೆಗೆ ಹೊರಟವಳೊಬ್ಬಳು, ನೃತ್ಯದಲ್ಲಿ ಮೈಮರೆತವಳೊಬ್ಬಳು, ಒಬ್ಬಳಂತೆ ಮತ್ತೊಬ್ಬಳಿಲ್ಲ. ಕಟ್ಟಿನೊಳಗೇ ಸ್ವಾತಂತ್ರ್ಯವನ್ನು ಕಂಡುಕೊಂಡ ಈ ರೂವಾರಿಗಳು ತಮ್ಮ ವಿಗ್ರಹಗಳ ಕೆಳಗೆ ತಮ್ಮ ಹೆಸರುಗಳನ್ನೂ ಕೆತ್ತಿದರು. ಸಂಬಳಕ್ಕೆ ದುಡಿದರೂ ಅವರು ಕೇವಲ ಆಳುಗಳಾಗಿರಲಿಲ್ಲವೆಂಬುದಕ್ಕೆ ಆ ಅಕ್ಷರಗಳೇ ಸಾಕ್ಷಿ.

ಕಾಲ ಬದಲಾಯಿತು, ಅರಸರೂ ಹೋದರು. ಕಲಾವಿದನಿಗೆ ಉಳಿದದ್ದು ಮಾರುಕಟ್ಟೆ. ಅದರ ಕಥೆಯನ್ನು ಅರಿಯಲು ಸೊರಬಕ್ಕೆ ಹೋಗಬೇಕು. ಸೊರಬ ಮತ್ತು ಸಾಗರದ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಕರಡಿಗೆಯ ಮುಚ್ಚಳದ ಅಂಗೈಯಗಲ ಜಾಗದಲ್ಲಿ ಬಳ್ಳಿ, ಹಕ್ಕಿ, ಆನೆ, ದೇವತೆಗಳನ್ನು ಬಿಡಿಸುವ ನೈಪುಣ್ಯ ತಂದೆಯಿಂದ ಮಗನಿಗೆ ಇಳಿದುಬಂದದ್ದು. ಬೆಂಡಿನಿಂದ ಮದುವೆಯ ಬಾಸಿಂಗವನ್ನು ಕಟ್ಟುವುದೂ ಈ ಮನೆತನಗಳ ಕಸುಬು.

ಆದರೆ ಗಂಧದ ಮರ ಸುಲಭವಾಗಿ ದೊರೆಯುವುದಿಲ್ಲ. ಅದರ ಚೇಗು ಬಲಿಯಲು ದಶಕಗಳೇ ಬೇಕು. 2001ರಲ್ಲಿ ಕಾನೂನು ತಿದ್ದುಪಡಿಯಾಗುವವರೆಗೆ, ರೈತನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ ಸ್ವತ್ತೇ ಆಗಿತ್ತು. ಕೆತ್ತನೆಯಲ್ಲಿ ಉದುರುವ ಚಕ್ಕೆಗೂ ಬೆಲೆಯುಂಟು. ಇಂತಹ ತುಂಡೊಂದನ್ನು ಮುಂದಿಟ್ಟುಕೊಂಡು ಕುಳಿತವನ ಮನಸ್ಸನ್ನು ಊಹಿಸಿರಿ. ಹೊಸ ಕಲ್ಪನೆಯೊಂದು ಅವನನ್ನು ಕರೆಯುತ್ತದೆ. ಆದರೆ ಕೊಳ್ಳುವವರು ಮೆಚ್ಚದೆ ಹೋದರೆ? ಎಲ್ಲರೂ ಕೇಳುವ ಗಣಪತಿಯನ್ನೇ ಕೆತ್ತಿದರೆ ಇಂದಿನ ಅಕ್ಕಿಗೆ ಚಿಂತೆಯಿಲ್ಲ. ಹೀಗೆ ಮರದ ಬೆಲೆಯೇ ಉಳಿಯನ್ನು ಹಳೆಯ ಜಾಡಿನಲ್ಲಿ ನಡೆಸುತ್ತದೆ. ಇದನ್ನು ಕಲಾವಿದನ ಅಳುಕು ಎಂದು ಜರಿಯುವುದು ಸುಲಭ. ಅವನ ಮನೆಯಲ್ಲಿ ಉಣ್ಣುವ ಬಾಯಿಗಳನ್ನು ಎಣಿಸಿದವರು ಹಾಗೆ ಜರಿಯಲಾರರು.

ಈ ಕಟ್ಟನ್ನು ಸಡಿಲಿಸುವ ದಾರಿಗಳೂ ಇವೆ. 1964ರಲ್ಲಿ ಸ್ಥಾಪಿತವಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳ ಮೂಲಕ ಇಂತಹ ಕೃತಿಗಳಿಗೆ ಮಾರಾಟದ ನೆಲೆಯನ್ನು ಒದಗಿಸಿತು. ಗಂಧ ದುರ್ಲಭವಾದಂತೆ ಕೆತ್ತನೆಗಾರರು ಶಿವನೆ, ತೇಗ ಮುಂತಾದ ಮರಗಳಿಗೂ ಉಳಿ ಹಚ್ಚಿದರು. ಆ ಮರಗಳಿಗೆ ಗಂಧದ ಪರಿಮಳವಿಲ್ಲ. ಅಲ್ಲಿ ಬೆಲೆ ಬರಬೇಕಾದರೆ ಕೈಚಳಕದಿಂದಲೇ ಬರಬೇಕು. ಆದರೆ ಅಗ್ಗದ ತುಂಡು ಕೆಟ್ಟರೆ ಮನೆ ಮುಳುಗುವುದಿಲ್ಲ. ಆದುದರಿಂದ ಹೊಸದನ್ನು ಪರೀಕ್ಷಿಸುವ ಧೈರ್ಯವನ್ನು ಅದು ಕೊಡುತ್ತದೆ. ಬೇಡಿಕೆಯ ಕೆಲಸದಿಂದ ಗಳಿಸಿದ ಹಣದಲ್ಲಿ ತನ್ನ ಕಲ್ಪನೆಗಾಗಿ ಕೆಲವು ದಿನಗಳನ್ನು ಮೀಸಲಿಡುವವನು ಎರಡೂ ದಡಗಳನ್ನು ಮುಟ್ಟಬಲ್ಲ. ನೂರು ಗಣಪತಿಗಳನ್ನು ಕೆತ್ತಿ ಪಳಗಿದ ಕೈಯೇ ನೂರೊಂದನೆಯ ಸಲ ಯಾರೂ ಕಾಣದ ರೂಪವನ್ನು ಬಿಡಿಸೀತು.

ಅನ್ನವೂ ಸ್ವಾತಂತ್ರ್ಯವೂ ಒಂದಕ್ಕೊಂದು ಶತ್ರುಗಳಲ್ಲ. ಅನ್ನವಿಲ್ಲದ ಸ್ವಾತಂತ್ರ್ಯ ಹೆಚ್ಚು ದಿನ ಬಾಳದು. ಸ್ವಾತಂತ್ರ್ಯವಿಲ್ಲದ ಅನ್ನ ಕಲೆಯನ್ನು ಬರಿಯ ಕೂಲಿಯಾಗಿಸುತ್ತದೆ. ಇವೆರಡನ್ನೂ ತೂಗಿಸುವ ಭಾರ ಕಲಾವಿದನೊಬ್ಬನದೇ ಅಲ್ಲ. ಕೊಳ್ಳುವವನು ಕೃತಿಯನ್ನು ಕೈಗೆತ್ತಿಕೊಂಡಾಗ, ಗಂಧದ ತೂಕದೊಡನೆ ಕೈಗಳ ಶ್ರಮವನ್ನೂ ತೂಗಿ ನೋಡಿದರೆ ಆ ಭಾರ ಹಗುರವಾಗುತ್ತದೆ.