ಕ್ಲಾರಿನೆಟ್ಟು: ಮರದ್ದೋ, ಪ್ಲಾಸ್ಟಿಕ್ಕಿನದೋ?

ಅಮೆರಿಕದ ಪ್ರೌಢಶಾಲೆಗಳಲ್ಲಿ ಬ್ಯಾಂಡು ಎಂಬುದು ವಿದ್ಯಾರ್ಥಿಜೀವನದ ಒಂದು ದೊಡ್ಡ ಅಂಗ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಅಲ್ಲಿ ಫುಟ್‌ಬಾಲ್ ಪಂದ್ಯಗಳ ಕಾಲ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಅವರು ಆ ಹೆಸರನ್ನೇಕೆ ಇಟ್ಟರೋ ಅವರೇ ಬಲ್ಲರು). ಆಗ ವಿದ್ಯಾರ್ಥಿಗಳ ವಾದ್ಯವೃಂದವು ಸಮವಸ್ತ್ರ ಧರಿಸಿ, ಪಂದ್ಯದ ನಡುವಣ ವಿರಾಮದಲ್ಲಿ ಬಯಲಿಗಿಳಿದು, ಹೆಜ್ಜೆ ಹಾಕುತ್ತಲೇ ನುಡಿಸುತ್ತದೆ. ಇದು ಮೆರವಣಿಗೆಯ ಬ್ಯಾಂಡು. ಚಳಿಗಾಲ ಬಂದೊಡನೆ ಅದೇ ಹುಡುಗರು ಸಭಾಂಗಣದಲ್ಲಿ ಕುಳಿತು, ಅದೇ ವಾದ್ಯಗಳಿಂದ ಸೂಕ್ಷ್ಮವಾದ ಕೃತಿಗಳನ್ನು ನುಡಿಸುತ್ತಾರೆ. ಇದು ಕಚೇರಿಯ ಬ್ಯಾಂಡು. ಇದರಲ್ಲಿ ಪಿಟೀಲುಗಳಿಲ್ಲ, ಅವುಗಳ ಸ್ಥಾನವನ್ನು ತುಂಬತಕ್ಕದ್ದು ಕ್ಲಾರಿನೆಟ್ಟು. ಆದಕಾರಣವೇ ಇಂಥ ವೃಂದಗಳಲ್ಲಿ ಕ್ಲಾರಿನೆಟ್ ವಾದಕರ ಸಂಖ್ಯೆ ಹೆಚ್ಚು.

ಮಗನಿಗೋ ಮಗಳಿಗೋ ಕ್ಲಾರಿನೆಟ್ಟನ್ನು ಕೊಡಿಸಬೇಕಾದ ತಂದೆತಾಯಿಗಳು, ಅವರಲ್ಲಿ ಅಲ್ಲಿಗೆ ಹೋಗಿ ನೆಲಸಿರುವ ಕನ್ನಡಿಗರೂ ಉಂಟು, ಅಂಗಡಿಗೆ ಹೋದಾಗ ಎರಡು ಬಗೆಯ ವಾದ್ಯಗಳನ್ನು ಕಾಣುತ್ತಾರೆ. ಎರಡೂ ಕಪ್ಪು, ಎರಡಕ್ಕೂ ಬೆಳ್ಳಿಬಣ್ಣದ ಕೀಲಿಗಳು. ಒಂದು ಆಫ್ರಿಕದ ಕರಿಮರದ್ದು, ಇನ್ನೊಂದು ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ಕಿನದು. ಮರದ ವಾದ್ಯದ ಬೆಲೆ ಹಲವು ಮಡಿ ಹೆಚ್ಚು. "ಮರದ ನಾದವೇ ಬೇರೆ" ಎಂದು ವ್ಯಾಪಾರಿ ಹೇಳುತ್ತಾನೆ. ಈ ಮಾತು ಎಷ್ಟು ನಿಜ? ಬಿಸಿಲು, ಮಳೆ, ಮಂಜುಗಳಲ್ಲಿ ನುಡಿಸಬೇಕಾದ ಹುಡುಗನ ಕೈಗೆ ಇವೆರಡರಲ್ಲಿ ಯಾವುದನ್ನು ಕೊಡಬೇಕು? ಪ್ರಶ್ನೆ ಸಂಗೀತದ್ದಾದರೂ ಉತ್ತರವು ಬಹುಮಟ್ಟಿಗೆ ಭೌತಶಾಸ್ತ್ರದಲ್ಲಿದೆ.

ಮೊದಲು ವಾದ್ಯವು ನುಡಿಯುವ ಬಗೆಯನ್ನು ನೋಡೋಣ. ವೀಣೆಯಲ್ಲಿ ತಂತಿಯ ಕಂಪನವನ್ನು ಹಲಸಿನ ಮರದ ಕುಂಡವು ಪಡೆದು ಗಾಳಿಗೆ ಹಂಚುತ್ತದೆ. ಅಲ್ಲಿ ಮರ ಬದಲಾದರೆ ನಾದವೂ ಬದಲಾಗುತ್ತದೆ. ಕ್ಲಾರಿನೆಟ್ಟಿನಲ್ಲಾದರೋ ನಾದ ಹುಟ್ಟುವುದು ಕೊಳವೆಯೊಳಗಿನ ಗಾಳಿಯ ಕಂಬದಲ್ಲಿ. ತುದಿಯ ಊದುಬಾಯಿಗೆ ರೀಡು ಎಂಬ ಜೊಂಡಿನ ತೆಳುವಾದ ಸೀಳೊಂದನ್ನು ಬಿಗಿದಿರುತ್ತಾರೆ. ಊದಿದಾಗ ಈ ಸೀಳು ಬಾಗಿಲಿನಂತೆ ತೆರೆದು ಮುಚ್ಚುತ್ತ, ಗಾಳಿಯನ್ನು ತುಣುಕು ತುಣುಕಾಗಿ ಒಳಗೆ ಬಿಡುತ್ತದೆ. ಗಾಳಿಯ ಒತ್ತಡದ ಏರಿಳಿತ ಅತಿ ಹೆಚ್ಚಾಗಿರುವುದು ಈ ತುದಿಯಲ್ಲಿಯೇ. ಆದ್ದರಿಂದ ಶಬ್ದಶಾಸ್ತ್ರದ ದೃಷ್ಟಿಯಲ್ಲಿ ಕ್ಲಾರಿನೆಟ್ಟು ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದ ನೇರ ಕೊಳವೆ. ಅದರ ಅತಿ ಕೆಳಗಿನ ಸ್ವರದಲ್ಲಿ ಅಲೆಯ ಉದ್ದದ ನಾಲ್ಕನೆಯ ಒಂದು ಭಾಗ ಮಾತ್ರ ಕೊಳವೆಯಲ್ಲಿ ಹಿಡಿಸುತ್ತದೆ.

ಲೆಕ್ಕ ಹಾಕಿ ನೋಡಬಹುದು. ಬಿ-ಫ್ಲಾಟ್ ಕ್ಲಾರಿನೆಟ್ಟಿನ ಅತಿ ಮಂದ್ರಸ್ವರಕ್ಕೆ ಸೆಕೆಂಡಿಗೆ ಸುಮಾರು 147 ಕಂಪನಗಳು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿದರೆ ಅಲೆಯ ಉದ್ದ 2.33 ಮೀಟರ್, ಅದರ ಕಾಲುಭಾಗ 58 ಸೆಂಟಿಮೀಟರ್. ವಾದ್ಯದ ನಾದಿಸುವ ಉದ್ದವೂ ಹೆಚ್ಚು ಕಡಮೆ ಇಷ್ಟೇ. ಎರಡೂ ಕಡೆ ತೆರೆದ ಪಾಶ್ಚಾತ್ಯ ಕೊಳಲು ಉದ್ದದಲ್ಲಿ ಇದಕ್ಕೆ ಸಮನಾಗಿದ್ದರೂ ಅದರ ಅತಿ ಕೆಳಗಿನ ಸ್ವರಕ್ಕೆ 262 ಕಂಪನಗಳಿವೆ. ಕ್ಲಾರಿನೆಟ್ಟು ಅದಕ್ಕಿಂತ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇನ್ನೊಂದು ವಿಶೇಷವೂ ಉಂಟು. ಇಂಥ ಕೊಳವೆಯು 1, 3, 5 ಎಂಬ ಬೆಸಸಂಖ್ಯೆಯ ಮೇಲ್ಸ್ವರಗಳನ್ನೇ ಮುಖ್ಯವಾಗಿ ಕೊಡುತ್ತದೆ. ಕೊಳಲಿನಲ್ಲಿ ಉಸಿರನ್ನು ಬಿಗಿಗೊಳಿಸಿದರೆ ಷಡ್ಜದಿಂದ ತಾರಷಡ್ಜಕ್ಕೆ ಹಾರಬಹುದು. ಶಂಕುವಿನಾಕಾರದ ನಾಗಸ್ವರದಲ್ಲಿಯೂ ಹಾಗೆಯೇ. ಕ್ಲಾರಿನೆಟ್ಟು ಮಾತ್ರ ಮೂರುಪಟ್ಟು ಕಂಪನಕ್ಕೆ, ಎಂದರೆ ಷಡ್ಜದಿಂದ ನೇರವಾಗಿ ತಾರಸ್ಥಾಯಿಯ ಪಂಚಮಕ್ಕೆ, ಜಿಗಿಯುತ್ತದೆ. ಈ ವಿಚಿತ್ರ ಸ್ವಭಾವದ ವಾದ್ಯದಲ್ಲಿ ಕರ್ಣಾಟಕ ಸಂಗೀತವನ್ನು ಗಮಕಸಹಿತವಾಗಿ ನುಡಿಸಿದ ಎ.ಕೆ.ಸಿ. ನಟರಾಜನ್ ಅವರ ಸಾಧನೆಯೂ, ಅದನ್ನೇ ಹಿಂದೂಸ್ತಾನಿ ಪದ್ಧತಿಗೆ ಒಲಿಸಿಕೊಂಡ ರಾಯಚೂರಿನ ನರಸಿಂಹಲು ವಡವಾಟಿಯವರ ಸಾಧನೆಯೂ ಎಂಥವು ಎಂಬುದು ಈಗ ವಾಚಕರಿಗೆ ಹೊಳೆದೀತು.

ಗಾಳಿಯ ಕಂಬವೇ ನುಡಿಯುವುದಾದರೆ ಗೋಡೆಯ ಕೆಲಸವೇನು? ಆ ಕಂಬಕ್ಕೆ ಆಕಾರ ಕೊಡುವುದು. ಗೋಡೆಯೂ ಅಲ್ಪಸ್ವಲ್ಪ ನಡುಗುತ್ತದೆ, ಬೆರಳುಗಳಿಗೆ ಅದು ತಿಳಿಯುತ್ತದೆ. ಮರದ ಮಹಿಮೆಯ ನಂಬಿಕೆ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಜಾನ್ ಬಾಕಸ್ ಎಂಬವರು 1964ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಈ ನಡುಕವನ್ನು ಅಳೆದರು. ಕೇಳುಗನ ಕಿವಿಗೆ ತಲಪುವ ನಾದದಲ್ಲಿ ಅದರ ಪಾಲು ಗಣನೆಗೆ ಬಾರದಷ್ಟು ಅಲ್ಪವೆಂದು ಕಂಡುಬಂದಿತು. 1971ರಲ್ಲಿ ಜಾನ್ ಕೋಲ್ಟ್‌ಮನ್ ಎಂಬವರು ಒಳ ಅಳತೆಗಳೆಲ್ಲ ಒಂದೇ ಆಗಿರುವಂತೆ ಬೆಳ್ಳಿ, ತಾಮ್ರ, ಮರ ಇವುಗಳಿಂದ ಮೂರು ಕೊಳಲುಗಳನ್ನು ಮಾಡಿ ಮರೆಯಲ್ಲಿ ನುಡಿಸಿ ಕೇಳಿಸಿದರು. ಸಂಗೀತಗಾರರಿಗೂ ಅವುಗಳನ್ನು ಬೇರ್ಪಡಿಸಿ ಹೇಳಲಾಗಲಿಲ್ಲ.

ಹಾಗಾದರೆ ಒಳ್ಳೆಯ ಮರದ ಕ್ಲಾರಿನೆಟ್ಟು ಅಗ್ಗದ ಪ್ಲಾಸ್ಟಿಕ್ಕಿನದಕ್ಕಿಂತ ಇಂಪಾಗಿ ನುಡಿಯುವುದೆಂಬುದು ಬರಿಯ ಭ್ರಮೆಯೆ? ಅಲ್ಲ. ವ್ಯತ್ಯಾಸವು ನಿಜವಾಗಿಯೂ ಉಂಟು. ಆದರೆ ಅದರ ಕಾರಣ ಬೇರೆ. ಸುಮಾರು 15 ಮಿಲಿಮೀಟರ್ ಅಗಲದ ಒಳನಾಳವು ಕಣ್ಣಿಗೆ ನೇರವಾಗಿ ಕಂಡರೂ ಉತ್ತಮ ವಾದ್ಯಗಳಲ್ಲಿ ಅದರ ಅಗಲ ಮೇಲಿನಿಂದ ಕೆಳಕ್ಕೆ ಕೂದಲೆಳೆಯಷ್ಟು ಬದಲಾಗುತ್ತ ಹೋಗುತ್ತದೆ. ಫ್ರಾನ್ಸಿನ ಬುಫೆ ಕ್ರಾಂಪೋನ್ ಸಂಸ್ಥೆಯವರು 1955ರಲ್ಲಿ ಹೊರತಂದ ಆರ್-13 ಎಂಬ ಮಾದರಿಯ ಕೀರ್ತಿಗೆ ಈ ಬದಲಾವಣೆಯ ಚಾತುರ್ಯವೇ ಆಧಾರ. ಸ್ವರರಂಧ್ರಗಳ ಒಳ ಅಂಚುಗಳನ್ನು ಕುಶಲಕರ್ಮಿಯು ಒಂದೊಂದಾಗಿ ತೀಡಿ ಅಗಲಿಸಿ ಶ್ರುತಿಯನ್ನು ಸರಿಪಡಿಸಿರುತ್ತಾನೆ. ಇಂಥ ಶ್ರಮವನ್ನು ಬೆಲೆಬಾಳುವ ಮರದ ವಾದ್ಯಗಳಿಗೆ ವ್ಯಯಿಸುತ್ತಾರೆಯೇ ವಿನಾ ಅಚ್ಚಿನಲ್ಲಿ ಎರೆದು ತೆಗೆಯುವ ಅಗ್ಗದ ವಾದ್ಯಗಳಿಗಲ್ಲ. ಕಿವಿಗೆ ಕೇಳುವುದು ಈ ಕೆಲಸಗಾರಿಕೆ. ಹೆಸರು ಬಂದದ್ದು ಮರಕ್ಕೆ. ಇದಕ್ಕೆ ತಿರುಗುಮುರುಗಾದ ಕಥೆ ಲೋಹದ ಕ್ಲಾರಿನೆಟ್ಟಿನದು. 1920 ಮತ್ತು 1930ರ ದಶಕಗಳಲ್ಲಿ ಅಮೆರಿಕದ ಶಾಲಾ ಬ್ಯಾಂಡುಗಳಲ್ಲಿ ಲೋಹದ ವಾದ್ಯಗಳು ತುಂಬಿದ್ದುವು. ಅವುಗಳಲ್ಲಿ ಬಹುಪಾಲು ಅಗ್ಗವಾಗಿ, ಅವಸರದಲ್ಲಿ ಮಾಡಿದಂಥವು. ಅಪಕೀರ್ತಿಯೆಲ್ಲ ಲೋಹಕ್ಕೆ ಅಂಟಿಕೊಂಡಿತು. ಎರಡನೆಯ ಮಹಾಯುದ್ಧದ ಬಳಿಕ ಪ್ಲಾಸ್ಟಿಕ್ಕು ಬಂದು ಅವುಗಳನ್ನು ಮೂಲೆಗೆ ತಳ್ಳಿತು.

ಇನ್ನು ಆ ಮರದ ವಿಷಯ. ಡಾಲ್ಬರ್ಜಿಯ ಮೆಲನೋಕ್ಸಿಲಾನ್ ಎಂಬುದು ಅದರ ಶಾಸ್ತ್ರೀಯ ನಾಮ. ಟಾಂಜಾನಿಯ, ಮೊಜಾಂಬಿಕ್ ದೇಶಗಳಲ್ಲಿ ಬೆಳೆಯುತ್ತದೆ. ನಮ್ಮ ಮಲೆನಾಡಿನ ಬೀಟೆಯೂ ಇದೇ ಡಾಲ್ಬರ್ಜಿಯ ಕುಲಕ್ಕೆ ಸೇರಿದ್ದು, ಬಂಧುತ್ವವು ಹತ್ತಿರದ್ದೇ. ಘನ ಸೆಂಟಿಮೀಟರಿಗೆ ಸುಮಾರು 1.2 ಗ್ರಾಂ ತೂಗುವ ಈ ಮರ ನೀರಿನಲ್ಲಿ ಮುಳುಗುತ್ತದೆ. ನುಣುಪಾಗಿ ಕಡೆಯಬಹುದು, ಚೂಪಾದ ಅಂಚು ನಿಲ್ಲುತ್ತದೆ. ಕುಶಲಕರ್ಮಿಗಳು ಇದನ್ನು ಮೆಚ್ಚಿರುವುದು ಸಹಜವೇ. ಆದರೆ ಎಷ್ಟು ಗಟ್ಟಿಯಾದರೂ ಮರವು ಮರವೇ. ತೇವವನ್ನು ಹೀರಿದಾಗ ಅದು ಎಳೆಗಳ ಉದ್ದಕ್ಕೆ ಹಿಗ್ಗುವುದಿಲ್ಲವೆನ್ನಬಹುದು, ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ವಾದಕನ ಬೆಚ್ಚಗಿನ, ತೇವದ ಉಸಿರು ಒಳಮೈಯನ್ನು ನೆನಸುತ್ತದೆ. ಹೊರಮೈಯನ್ನು ಬಿಸಿಲು ಒಣಗಿಸುತ್ತದೆ ಅಥವಾ ಚಳಿಗಾಳಿ ಕುಗ್ಗಿಸುತ್ತದೆ. ಹಿಗ್ಗುವ ಒಳಪದರವು ಕುಗ್ಗುವ ಹೊರಪದರವನ್ನು ಬಿರಿಯುವಂತೆ ಎಳೆಯುತ್ತದೆ. ಕೊನೆಗೆ ಎಳೆಯ ಉದ್ದಕ್ಕೂ ಸೀಳು. ಅದೂ ಸಾಮಾನ್ಯವಾಗಿ ಉಸಿರಿಗೆ ಸಮೀಪವಾದ ಮೇಲಿನ ಖಂಡದಲ್ಲಿ, ರಂಧ್ರಗಳು ಒತ್ತಾಗಿರುವ ಕಡೆಯಲ್ಲಿ. ಸೀಳು ಒಂದು ರಂಧ್ರವನ್ನು ಮುಟ್ಟಿತೆಂದರೆ ಗಾಳಿ ಸೋರಿ ವಾದ್ಯವು ಮೂಕವಾಗುತ್ತದೆ. ಹೊಸ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ನುಡಿಸಬೇಕೆಂಬ ನಿಯಮ ಇದಕ್ಕಾಗಿಯೇ ಇದೆ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕವಾಯತು ಮಾಡುವ ಹುಡುಗನಿಂದ ಈ ನಿಯಮವನ್ನು ನಿರೀಕ್ಷಿಸುವುದು ಹೇಗೆ?

ಪ್ಲಾಸ್ಟಿಕ್ಕು ತೇವಕ್ಕೆ ಜಗ್ಗುವುದಿಲ್ಲ. ಆದರೆ ಕಾವಿಗೆ ಮರಕ್ಕಿಂತ ಹೆಚ್ಚು ಹಿಗ್ಗುತ್ತದಲ್ಲ, ಶ್ರುತಿ ಕೆಡಲಾರದೆ ಎಂದು ಯಾರಾದರೂ ಕೇಳಬಹುದು. ಇದನ್ನೂ ಎಣಿಸೋಣ. ಉಷ್ಣತೆ 15 ಸೆಂಟಿಗ್ರೇಡ್ ಡಿಗ್ರಿ ಏರಿದರೆ 60 ಸೆಂಟಿಮೀಟರ್ ಉದ್ದದ ಎ.ಬಿ.ಎಸ್. ಕೊಳವೆಯು ಮುಕ್ಕಾಲು ಮಿಲಿಮೀಟರಿನಷ್ಟು ಬೆಳೆಯುತ್ತದೆ. ಶ್ರುತಿಯು ಶೇಕಡ 0.12ರಷ್ಟು ಇಳಿಯುತ್ತದೆ. ಅದೇ 15 ಡಿಗ್ರಿಗೆ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 9 ಮೀಟರ್ ಹೆಚ್ಚುವುದರಿಂದ ಶ್ರುತಿಯು ಶೇಕಡ 2.6ರಷ್ಟು ಏರಬೇಕು. ಒಂದು ಅರ್ಧಸ್ವರವೆಂದರೆ ಶೇಕಡ 5.9, ಇದು ಅದರ ಅರ್ಧಕ್ಕೆ ಸಮೀಪ. ಉಸಿರಿನ ಬಿಸಿ ಕೊಳವೆಯೊಳಗಿನ ಗಾಳಿಯನ್ನು ಒಂದು ಹದದಲ್ಲಿ ಇರಿಸುವುದರಿಂದ ಏರಿಕೆಯು ಅಷ್ಟು ಆಗದೆ ಉಳಿಯುತ್ತದೆ. ಹೇಗೂ ದೋಷವು ಗಾಳಿಯದು, ಗೋಡೆಯದಲ್ಲ. ಮರದ ವಾದ್ಯವೂ ಅದರಿಂದ ತಪ್ಪಿಸಿಕೊಳ್ಳಲಾರದು. ತುತ್ತೂರಿಗಳೂ ಕೊಳಲುಗಳೂ ಕೂಡಿಯೇ ಏರಿಳಿಯುತ್ತವೆ. ಬಡಿದು ನುಡಿಸುವ ಉಕ್ಕಿನ ಪಟ್ಟಿಗಳ ವಾದ್ಯ ಮಾತ್ರ ಇದ್ದಲ್ಲಿಯೇ ಇರುತ್ತದೆ. ಚಳಿಯ ಸಂಜೆಯಲ್ಲಿ ಅದೊಂದೇ ಬೇಸುರವಾಗಿ ಕೇಳಿಸುವುದು ಅದರ ತಪ್ಪಲ್ಲ.

ಶ್ರುತಿ ಏರಿದಾಗ ಬ್ಯಾರಲ್ ಎಂಬ ಗಿಡ್ಡ ತುಂಡನ್ನು ಸ್ವಲ್ಪ ಹೊರಕ್ಕೆಳೆದು ಸರಿಪಡಿಸುತ್ತಾರೆ. ಒಂದು ಮಿಲಿಮೀಟರ್ ಎಳೆದರೆ ಪೂರ್ತಿ ಕೊಳವೆಯ ಸ್ವರವು ಶೇಕಡ 0.17ರಷ್ಟು ಇಳಿದರೆ, ಬೆರಳುಗಳನ್ನೆಲ್ಲ ತೆಗೆದು ನುಡಿಸುವ ಗಂಟಲುಸ್ವರವು, ಅದರ ಗಾಳಿಯ ಕಂಬ ಸುಮಾರು 25 ಸೆಂಟಿಮೀಟರ್ ಮಾತ್ರವಾದುದರಿಂದ, ಶೇಕಡ 0.4ರಷ್ಟು ಇಳಿಯುತ್ತದೆ. ಆದಕಾರಣ ಮನಬಂದಂತೆ ಎಳೆಯಬಾರದು. ಉದ್ದ ಬೇರೆಯಾದ ಎರಡು ಬ್ಯಾರಲ್‌ಗಳನ್ನು ಇಟ್ಟುಕೊಂಡಿರುವುದು ಒಳ್ಳೆಯದು.

ಬಯಲಿನಲ್ಲಿ ನಾದದ ಗತಿಯೂ ಬೇರೆ. ಸಭಾಂಗಣದ ಗೋಡೆಗಳು ಶಬ್ದವನ್ನು ಹಿಂದಿರುಗಿಸುತ್ತವೆ. ಬಯಲಿನಲ್ಲಿ ಅಂಥ ಸಹಾಯವಿಲ್ಲ. ದೂರ ಇಮ್ಮಡಿಯಾದರೆ ತೀವ್ರತೆ ಕಾಲುಪಾಲಿಗೆ ಇಳಿಯುತ್ತದೆ. ಮಂದ್ರಸ್ವರಗಳ ಸೊಗಸು ತಮಟೆಗಳ ನಡುವೆ ಯಾರಿಗೂ ಕೇಳದು. ಸಾವಿರಾರು ಡಾಲರಿನ ವಾದ್ಯದ ನಯವನ್ನು ಅಲ್ಲಿ ಚೆಲ್ಲುವುದರಲ್ಲಿ ನಮಗೆ ಅರ್ಥ ಕಾಣುವುದಿಲ್ಲ.

ಆದ್ದರಿಂದ ನಮ್ಮ ಸಲಹೆ ಇದು. ಮೊದಲ ಎರಡು ಮೂರು ವರ್ಷಗಳಿಗೆ ಹೆಸರಾಂತ ತಯಾರಕರ ಪ್ಲಾಸ್ಟಿಕ್ ವಾದ್ಯವೊಂದೇ ಸಾಕು. ಅದು ಎರಡು ಬ್ಯಾಂಡುಗಳಿಗೂ ಒದಗುತ್ತದೆ. ಉಳಿದ ಹಣದಲ್ಲಿ ಮೊದಲು ಕೊಳ್ಳತಕ್ಕದ್ದು ಒಳ್ಳೆಯ ಊದುಬಾಯಿ. ನಾದಗುಣದಲ್ಲಿ ಅದರ ಪ್ರಭಾವವು ಇಡೀ ಕೊಳವೆಯ ಪ್ರಭಾವಕ್ಕೆ ಕಡಮೆಯಲ್ಲ. ರೀಡಿಗೂ ಊದುಬಾಯಿಯ ತುದಿಗೂ ನಡುವಣ ಸಂದು ಸಾಧಾರಣವಾಗಿ 1ರಿಂದ 1.2 ಮಿಲಿಮೀಟರ್; ಎರಡು ಹಾಳೆ ಕಾಗದದ ದಪ್ಪದಷ್ಟು ವ್ಯತ್ಯಾಸವೇ ವಾದನದ ಅನುಭವವನ್ನು ಮಾರ್ಪಡಿಸುತ್ತದೆ. ಕಲಿಯುವವನಿಗೆ ಕಿರಿದಾದ ಸಂದು ಹಿತ. ಬಯಲಿನಲ್ಲಿ ಗಟ್ಟಿಯಾಗಿ ಕೇಳಿಸಲೆಂದು ಅಗಲ ಸಂದಿನ ಊದುಬಾಯಿಗೆ ಬಿರುಸಾದ ರೀಡನ್ನು ಕಟ್ಟುವ ಹುಡುಗರು ತುಟಿಯ ಹಿಡಿತವನ್ನೇ ಕೆಡಿಸಿಕೊಳ್ಳುತ್ತಾರೆ. ಎಬೊನೈಟಿನ ಊದುಬಾಯಿಯನ್ನು ಬಿಸಿಲಿನಲ್ಲಿ ಬಿಡಬಾರದು, ಬಿಸಿನೀರಿನಲ್ಲಿ ತೊಳೆಯಬಾರದು. ಜೊಂಡಿನ ರೀಡು ಗಾಳಿಗೆ ಒಣಗಿ ಸೊಟ್ಟಗಾಗುವುದರಿಂದ ಮೆರವಣಿಗೆಗೆ ಕೃತಕ ರೀಡೇ ಅನುಕೂಲ.

ಹುಡುಗನು ಮುಂದುವರಿದು ಕಚೇರಿಯ ಬ್ಯಾಂಡಿನಲ್ಲಿ ಮುಂದಿನ ಸಾಲಿಗೆ ಬಂದಾಗ ಮರದ ವಾದ್ಯವನ್ನು ಕೊಡಿಸಿ, ಹಳೆಯದನ್ನು ಬಯಲಿಗೆ ಮೀಸಲಿಡಬಹುದು. ಮರದ ಪುಡಿಯನ್ನು ಇಂಗಾಲದ ಎಳೆ, ರಾಳಗಳೊಡನೆ ಒತ್ತಿ ಮಾಡಿದ ವಾದ್ಯಗಳೂ 1990ರ ದಶಕದಿಂದ ದೊರೆಯುತ್ತಿವೆ. ಇವು ಸೀಳುವ ಭಯ ಕಡಮೆ, ಕೆಲಸಗಾರಿಕೆ ಮಾತ್ರ ಮೇಲ್ದರ್ಜೆಯದು, ಬೆಲೆಯೂ ಹಾಗೆಯೇ. ಆ ಕರಿಮರವು ಬಲಿಯಲು ಹಲವು ದಶಕಗಳೇ ಬೇಕು. 2017ರಲ್ಲಿ ಡಾಲ್ಬರ್ಜಿಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂದಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಮರದ ಪ್ರತಿಯೊಂದು ವಾದ್ಯದ ಹಿಂದೆಯೂ ಇಂಥದೊಂದು ಮರವಿದೆಯೆಂಬುದು ಕೊಳ್ಳುವವರ ನೆನಪಿನಲ್ಲಿದ್ದರೆ ಲೇಸು.

ಹಳೆಯ ವಾದ್ಯವನ್ನು ಕೊಳ್ಳುವವರು ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಮೇಲಿನ ಖಂಡವನ್ನು ಬಿಡಿಸಿಕೊಂಡು, ಬೆರಳುಗಳಿಂದ ರಂಧ್ರಗಳನ್ನು ಮುಚ್ಚಿ, ಕೆಳತುದಿಗೆ ಅಂಗೈ ಒತ್ತಿ, ಮೇಲ್ತುದಿಯಿಂದ ಗಾಳಿಯನ್ನು ಹೀರಿ ತಡೆಹಿಡಿಯಬೇಕು. ಒಳಗಿನ ನಿರ್ವಾತವು ಕೆಲವು ಸೆಕೆಂಡುಗಳ ಕಾಲ ನಿಂತು, ಅಂಗೈ ತೆಗೆದಾಗ "ಟಪ್" ಎಂಬ ಸದ್ದು ಬಂದರೆ ಕೀಲಿಗಳ ಮೆತ್ತೆಗಳೂ ಕೊಳವೆಯೂ ಭದ್ರವಾಗಿವೆ. ಒಡನೆಯೇ ಗಾಳಿ ನುಸುಳಿದರೆ, ವಾದ್ಯವು ಮರದ್ದಾಗಿದ್ದ ಪಕ್ಷದಲ್ಲಿ, ಹೊರಮೈಯನ್ನು ಬೆಳಕಿಗೆ ಹಿಡಿದು ರಂಧ್ರಗಳ ಸುತ್ತ ಎಳೆಯ ಉದ್ದಕ್ಕೆ ಕೂದಲಿನಂಥ ಗೆರೆಯುಂಟೇ ಎಂದು ನೋಡತಕ್ಕದ್ದು.