ಗೂಗಲ್ಲಿನ ಸೂತ್ರ ಬದಲಾದಾಗ ನಮ್ಮ ವೆಬ್‌ಸೈಟಿನ ಗತಿ ಏನು? ಹಂಪಿ–ಹೊಸಪೇಟೆಯಿಂದ ಒಂದು ಪಾಠ



ಕಾಫಿ ಬೀಜವನ್ನು ಹುರಿದು, ಪುಡಿ ಮಾಡಿ, ನೇರವಾಗಿ ಗಿರಾಕಿಗೆ ಕಳುಹಿಸುವ ಬೆಳೆಗಾರರು ಇಂದು ಇದ್ದಾರೆ. ತೋಟದ ಮನೆಗೆ ಎರಡು ಕೋಣೆ ಸೇರಿಸಿ ಹೋಂಸ್ಟೇ ನಡೆಸುವವರೂ ಇದ್ದಾರೆ. ಅಡಿಕೆ ಧಾರಣೆ ಕುಸಿದ ವರ್ಷ ಸಾಲದ ಕಂತನ್ನು ಕಟ್ಟಲು ಇಂಥ ಉಪಕಸುಬೇ ನೆರವಾಗುತ್ತದೆ. ಆದರೆ ಇವರಿಂದ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ: "ಕಳೆದ ತಿಂಗಳವರೆಗೆ ಗೂಗಲ್ಲಿನಲ್ಲಿ ನಮ್ಮ ಹೆಸರು ಮೊದಲ ಪುಟದಲ್ಲಿತ್ತು. ಈಗ ಹುಡುಕಿದರೂ ಸಿಗುವುದಿಲ್ಲ. ನಾವು ಯಾವ ತಪ್ಪನ್ನೂ ಮಾಡಿಲ್ಲ." ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಉದಾಹರಣೆಗೆ ಹಂಪಿ–ಹೊಸಪೇಟೆಯ ಸೀಮೆಯನ್ನು ಆರಿಸಿಕೊಂಡಿದೆ. ಅದಕ್ಕೆ ಕಾರಣವಿದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಆ ಸೀಮೆಯಲ್ಲಿ ಊರಿನ ಹೆಸರು, ಜಿಲ್ಲೆ, ಪ್ರವಾಸಿಗರು ತಂಗುವ ಜಾಗ ಎಲ್ಲವೂ ಬದಲಾದವು. ಅದೇ ಅವಧಿಯಲ್ಲಿ ಗೂಗಲ್ಲಿನ ಸೂತ್ರವೂ ಹಲವು ಸಲ ಬದಲಾಯಿತು. ಎರಡು ಬಗೆಯ ಬದಲಾವಣೆಯನ್ನೂ ಅಲ್ಲಿ ಒಟ್ಟಿಗೆ ಕಾಣಬಹುದು.

ಸ್ಥಾನ ನಿರ್ಧಾರವಾಗುವ ಬಗೆ

ಗೂಗಲ್ ಕೆಲಸ ಮಾಡುವುದು ಮೂರು ಹಂತಗಳಲ್ಲಿ. ಮೊದಲನೆಯದಾಗಿ, ಅದರ ಯಂತ್ರಗಳು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುತ್ತಾ ಜಾಲದಲ್ಲಿರುವುದನ್ನು ಓದುತ್ತವೆ. ಎರಡನೆಯದಾಗಿ, ಓದಿದ್ದನ್ನು ಪುಸ್ತಕದ ಕೊನೆಯ ಪದಸೂಚಿಯಂತೆ ಪಟ್ಟಿ ಮಾಡಿಡುತ್ತವೆ. ಮೂರನೆಯದಾಗಿ, ಯಾರಾದರೂ ಏನನ್ನಾದರೂ ಹುಡುಕಿದಾಗ ಆ ಪಟ್ಟಿಯಿಂದ ತಕ್ಕ ಪುಟಗಳನ್ನು ತೆಗೆದು ಒಂದರ ಕೆಳಗೊಂದು ಜೋಡಿಸುತ್ತವೆ. ಹೀಗೆ ಜೋಡಿಸುವ ಲೆಕ್ಕಾಚಾರದ ಸೂತ್ರಕ್ಕೆ ಅಲ್ಗಾರಿದಮ್ ಎಂದು ಹೆಸರು.

1998ರಲ್ಲಿ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಗೂಗಲ್ಲನ್ನು ಆರಂಭಿಸಿದಾಗ ಅವರ ಮುಖ್ಯ ಕಲ್ಪನೆ ಸರಳವಾಗಿತ್ತು. ಒಂದು ಪುಟಕ್ಕೆ ಬೇರೆ ಪುಟಗಳು ಕೊಡುವ ಲಿಂಕು ಒಂದು ಮತವಿದ್ದಂತೆ. ಹೆಚ್ಚು ಮತ ಪಡೆದ ಪುಟವೊಂದು ಕೊಡುವ ಮತಕ್ಕೆ ತೂಕವೂ ಹೆಚ್ಚು. ಈಗಿನ ಸೂತ್ರದಲ್ಲಿ ಇದರ ಜೊತೆಗೆ ಇನ್ನೂ ಅನೇಕ ಅಂಶಗಳು ಸೇರಿವೆ. ಪೂರ್ಣ ಸೂತ್ರವನ್ನು ಗೂಗಲ್ ಬಹಿರಂಗಪಡಿಸಿಲ್ಲ.

ಬದಲಾವಣೆಗಳು ಏಕೆ ಬಂದವು?

ಯಾವುದೇ ಸೂತ್ರವಿದ್ದರೂ ಅದನ್ನು ವಂಚಿಸುವವರು ಹುಟ್ಟಿಕೊಳ್ಳುತ್ತಾರೆ. ಒಣಗದ ಅಡಿಕೆಯನ್ನು ಒಣಗಿದ್ದರ ಜೊತೆ ಸೇರಿಸಿ ತೂಕಕ್ಕಿಡುವವರಿದ್ದರೆ ಮಂಡಿಯಲ್ಲಿ ಪರೀಕ್ಷೆ ಬಿಗಿಯಾಗುವುದು ಸಹಜ. ಗೂಗಲ್ಲಿನಲ್ಲಿ ಆದದ್ದೂ ಇದೇ.

ಬೇರೆಯವರ ಬರಹವನ್ನು ನಕಲು ಮಾಡಿದ, ಹುರುಳಿಲ್ಲದ ಪುಟಗಳು ಹೆಚ್ಚಿದಾಗ 2011ರ ಫೆಬ್ರವರಿಯಲ್ಲಿ 'ಪಾಂಡಾ' ಎಂಬ ಬದಲಾವಣೆ ಬಂದು ಅಂಥವನ್ನು ಕೆಳಗಿಳಿಸಿತು. ಹಣ ಕೊಟ್ಟು ಲಿಂಕು ಕೊಳ್ಳುವ ವ್ಯಾಪಾರದ ವಿರುದ್ಧ 2012ರ ಏಪ್ರಿಲ್‌ನಲ್ಲಿ 'ಪೆಂಗ್ವಿನ್' ಬಂದಿತು. 2015ರ ಏಪ್ರಿಲ್ 21ರಿಂದ, ಮೊಬೈಲಿನಲ್ಲಿ ಹುಡುಕುವವರಿಗೆ ಮೊಬೈಲಿನಲ್ಲಿ ಸರಾಗವಾಗಿ ಓದಲಾಗುವ ಪುಟಗಳನ್ನು ಮುಂದೆ ತೋರಿಸುವ ಕ್ರಮ ಜಾರಿಗೆ ಬಂದಿತು. 2022ರ ಆಗಸ್ಟ್‌ನಲ್ಲಿ, ಓದುಗನ ಉಪಯೋಗಕ್ಕಲ್ಲದೆ ಗೂಗಲ್ಲಿನ ಸ್ಥಾನಕ್ಕಾಗಿಯೇ ಬರೆದ ಪುಟಗಳ ಮೇಲೆ ಕಣ್ಣು ಬಿದ್ದಿತು. 2024ರ ಮಾರ್ಚ್ 5ರಂದು ಆರಂಭವಾದ ದೊಡ್ಡ ಬದಲಾವಣೆ ಮುಗಿಯಲು ಏಪ್ರಿಲ್ 19ರವರೆಗೆ ಹಿಡಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ಹಲವು ಪ್ರಶ್ನೆಗಳಿಗೆ ಪುಟಗಳ ಪಟ್ಟಿಗಿಂತ ಮೇಲೆ ಯಂತ್ರವೇ ಬರೆದ ಉತ್ತರ ಕಾಣಿಸತೊಡಗಿತು. ಉತ್ತರ ಅಲ್ಲಿಯೇ ಸಿಕ್ಕಿದರೆ ಕೆಳಗಿನ ಪುಟವನ್ನು ತೆರೆಯುವ ಅಗತ್ಯ ಓದುಗನಿಗೆ ಇರುವುದಿಲ್ಲ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಸ್ಥಾನ ಇಳಿದ ಮಾತ್ರಕ್ಕೆ ನಮ್ಮ ಪುಟದಲ್ಲಿ ದೋಷವಿದೆಯೆಂದು ಅರ್ಥವಲ್ಲವೆಂದು ಗೂಗಲ್ ತಾನೇ ಹೇಳಿದೆ. ಹಿಂದೆ ಲಕ್ಷ್ಯಕ್ಕೆ ಬಾರದಿದ್ದ ಬೇರೆ ಒಳ್ಳೆಯ ಪುಟ ಮೇಲೆ ಬಂದರೂ ನಮ್ಮದು ಇಳಿಯುತ್ತದೆ. ತಪ್ಪು ಮಾಡದವರಿಗೂ ನಷ್ಟ ತಟ್ಟುವುದು ಹೀಗೆ.

ಹೊಸಪೇಟೆಯ ಉದಾಹರಣೆ

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿ.ಮೀ. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೂರದಿಂದ ಬರುವ ಪ್ರವಾಸಿಗ ಹೊರಡುವ ಮೊದಲೇ ವಸತಿಯನ್ನು ಮೊಬೈಲಿನಲ್ಲಿ ಹುಡುಕುತ್ತಾನೆ. ಅಲ್ಲಿ 2013ರಲ್ಲಿ ಒಂದು ಸಣ್ಣ ವಸತಿಗೃಹದ ವೆಬ್‌ಸೈಟ್ ಮಾಡಿಸಿ, ಆಮೇಲೆ ಅದನ್ನು ಮುಟ್ಟದೆ ಬಿಟ್ಟಿದ್ದಾರೆಂದು ಭಾವಿಸೋಣ.

ಅದರಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ 'ಹಾಸ್ಪೆಟ್' ಎಂದು ಮಾತ್ರ ಇದೆ. 2014ರ ನವೆಂಬರ್ 1ರಿಂದ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಗಿ, 'ಹಾಸ್ಪೆಟ್' ಹೋಗಿ 'ಹೊಸಪೇಟೆ' ಬಂದಿತು. ಅದರಲ್ಲಿ ಜಿಲ್ಲೆ ಬಳ್ಳಾರಿ ಎಂದಿದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. "ಹೊಳೆ ದಾಟಿ ವಿರೂಪಾಪುರ ಗಡ್ಡೆಯ ಹೋಟೆಲಿನಲ್ಲಿ ಊಟ ಮಾಡಿ" ಎಂಬ ಸಲಹೆಯೂ ಅದರಲ್ಲಿದೆ. ಸುಪ್ರೀಂ ಕೋರ್ಟಿನ ತೀರ್ಪಿನ ಮೇರೆಗೆ 2020ರ ಮಾರ್ಚ್‌ನಲ್ಲಿ ಗಡ್ಡೆಯ ರೆಸಾರ್ಟುಗಳನ್ನು ಕೆಡವಲಾಯಿತು. ಇಷ್ಟಲ್ಲದೆ ಆ ಪುಟ ಮೊಬೈಲಿಗೆ ಹೊಂದುವುದಿಲ್ಲ. ಹಂಪಿಯ ವರ್ಣನೆಯೋ ಬೇರೆಡೆಯಿಂದ ನಕಲು ಮಾಡಿದ್ದು.

ಇಂಥ ಪುಟ ಮೇಲಿನ ಒಂದೊಂದು ಬದಲಾವಣೆಯಲ್ಲೂ ಒಂದೊಂದು ಮೆಟ್ಟಿಲು ಇಳಿದರೆ ಆಶ್ಚರ್ಯವಿಲ್ಲ. ಸೂತ್ರ ಬದಲಾದದ್ದು ನಿಜ. ಆದರೆ ಊರೂ ಬದಲಾಗಿತ್ತು, ಪುಟ ಮಾತ್ರ ಬದಲಾಗಲಿಲ್ಲ. ನಮ್ಮ ಸದಸ್ಯರು ಇದನ್ನು ತಮಗೆ ಅನ್ವಯಿಸಿಕೊಳ್ಳಬೇಕು. ಅದೇ 12 ಹೆಸರುಗಳಲ್ಲಿ ಶಿವಮೊಗ್ಗ, ಚಿಕ್ಕಮಗಳೂರು ಸೇರಿವೆ. ಇನ್ನು ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಗುರುತಿನ ಬಳಕೆಗೆ ಅರ್ಹರಾದ ಬೆಳೆಗಾರರು ತಮ್ಮ ಪುಟದಲ್ಲಿ ಅದನ್ನು ನಮೂದಿಸಿದ್ದಾರೆಯೇ?

ಸ್ಥಾನ ಇಳಿದಾಗ ಮಾಡಬೇಕಾದ್ದು

1. ಗಾಬರಿಯಿಂದ ಎಲ್ಲವನ್ನೂ ಅಳಿಸಬಾರದು. ಯಾವ ರೋಗವೆಂದು ತಿಳಿಯದೆ ಔಷಧ ಸಿಂಪಡಿಸುವ ಬೆಳೆಗಾರನಿಲ್ಲ.

2. ಇದು ಋತುಮಾನದ ಇಳಿತವೇ ನೋಡಬೇಕು. ಬಿರುಬಿಸಿಲಿನ ಏಪ್ರಿಲ್–ಮೇ ತಿಂಗಳಲ್ಲಿ ಹಂಪಿಯನ್ನು ಹುಡುಕುವವರೇ ಕಡಿಮೆ. ಆದ್ದರಿಂದ ಕಳೆದ ತಿಂಗಳಿನೊಂದಿಗಲ್ಲ, ಕಳೆದ ವರ್ಷದ ಇದೇ ತಿಂಗಳಿನೊಂದಿಗೆ ಹೋಲಿಸಬೇಕು.

3. ಗೂಗಲ್ಲಿನ 'ಸರ್ಚ್ ಕನ್ಸೋಲ್' ಉಚಿತ. ಯಾವ ಪದ ಹುಡುಕಿದವರಿಗೆ ನಮ್ಮ ಪುಟ ಕಂಡಿತು, ಎಷ್ಟು ಜನ ತೆರೆದರು, ಸರಾಸರಿ ಸ್ಥಾನವೆಷ್ಟು ಎಂಬ 16 ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ದೊಡ್ಡ ಬದಲಾವಣೆಗಳ ದಿನಾಂಕಗಳನ್ನೂ ಗೂಗಲ್ ಪ್ರಕಟಿಸುತ್ತದೆ. ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ಕಾರಣದ ಸುಳಿವು ಸಿಗುತ್ತದೆ. ಬದಲಾವಣೆ ಪೂರ್ಣವಾಗಿ ಮುಗಿದ ಮೇಲೆಯೇ ಲೆಕ್ಕ ನೋಡಬೇಕು.

4. ನಕಲು ತೆಗೆದು ಸ್ವಂತ ಅನುಭವವನ್ನು ಬರೆಯಬೇಕು. ತೋಟ ಎಷ್ಟು ಎತ್ತರದಲ್ಲಿದೆ, ಯಾವ ತಿಂಗಳು ಹಣ್ಣು ಕೊಯ್ದದ್ದು, ಹೇಗೆ ಒಣಗಿಸಿದ್ದು, ಮಳೆಗಾಲದಲ್ಲಿ ಮನೆಯವರೆಗೆ ಕಾರು ಬರುತ್ತದೆಯೇ ಎಂಬ ಸಂಗತಿಗಳನ್ನು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಬರೆಯಲಾರರು.

5. ಗೂಗಲ್ ನಕ್ಷೆಯಲ್ಲಿ ನಿಮ್ಮ ವ್ಯವಹಾರದ ವಿವರವನ್ನು ಉಚಿತವಾಗಿ ದಾಖಲಿಸಿ, ವಿಳಾಸ, ಸಮಯ, ದೂರವಾಣಿ ಸರಿಯಾಗಿರುವಂತೆ ನೋಡಿಕೊಳ್ಳಬೇಕು. ಅಲ್ಲಿ ಹುಡುಕಿದ್ದಕ್ಕೆ ಹೊಂದಾಣಿಕೆ, ದೂರ ಮತ್ತು ಹೆಸರುವಾಸಿ, ಈ ಮೂರನ್ನು ಮುಖ್ಯವಾಗಿ ನೋಡಲಾಗುತ್ತದೆ.

6. "ಇಷ್ಟು ಸಾವಿರ ಕೊಡಿ, ಒಂದನೇ ಸ್ಥಾನ ಖಾತ್ರಿ" ಎನ್ನುವವರನ್ನು ನಂಬಬಾರದು. ಜಾಹೀರಾತಿನ ಜಾಗವನ್ನು ಹಣಕ್ಕೆ ಕೊಳ್ಳಬಹುದು; ಅದು ಬೇರೆಯಾಗಿ ಗುರುತು ಹಾಕಿ ಕಾಣಿಸುತ್ತದೆ. ಸಹಜ ಸ್ಥಾನ ಮಾರಾಟಕ್ಕಿಲ್ಲ. ಅಂಥವರು ಕೊಳ್ಳುವ ಲಿಂಕುಗಳೇ ಮುಂದೆ ನಿಮಗೆ ಮುಳುವಾಗಬಹುದು.

ಸರಿಪಡಿಸಿದ ಮರುದಿನವೇ ಫಲ ಕಾಣುವುದಿಲ್ಲ. ಕೆಲವು ತಿಂಗಳು ಹಿಡಿಯಬಹುದು; ಮತ್ತೊಂದು ದೊಡ್ಡ ಬದಲಾವಣೆಯವರೆಗೂ ಕಾಯಬೇಕಾಗಬಹುದು. ಹಳೆಯ ಸ್ಥಾನ ಮರಳಿ ಬಂದೇ ಬರುತ್ತದೆಂಬ ಭರವಸೆಯನ್ನು ಯಾರೂ ಕೊಡಲಾರರು.

ಮುಖ್ಯ ಪಾಠ

ತುಂಗಭದ್ರಾ ಕಾಲುವೆಯ ಕೊನೆಯ ಭಾಗದ ರೈತನಿಗೆ ತೂಬು ತನ್ನ ಕೈಯಲ್ಲಿಲ್ಲವೆಂಬುದು ಗೊತ್ತು. ನೀರು ಬಂದಾಗ ಬಳಸಿಕೊಳ್ಳುತ್ತಾನೆ. ಶಕ್ತಿಯಿದ್ದರೆ ಬಾವಿಯೊಂದನ್ನೂ ತೋಡಿಸಿಕೊಳ್ಳುತ್ತಾನೆ. ಗೂಗಲ್ಲಿನಿಂದ ಬರುವ ಗಿರಾಕಿ ಕಾಲುವೆಯ ನೀರು. ಒಮ್ಮೆ ಬಂದು ಮೆಚ್ಚಿಹೋದ ಗಿರಾಕಿಯ ಹೆಸರು, ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟ ಪುಸ್ತಕವೇ ನಮ್ಮ ಬಾವಿ. ಹೊಸ ಕಾಫಿ ಪುಡಿ ಸಿದ್ಧವಾದಾಗ ಅವರಿಗೆ ಎರಡು ಸಾಲು ತಿಳಿಸಲು ಯಾರ ಸೂತ್ರವೂ ಅಡ್ಡಿಯಾಗದು.

ಅಡಿಕೆಯ ನಡುವೆ ಕಾಳುಮೆಣಸನ್ನು ಹಬ್ಬಿಸಿ ಒಂದೇ ಬೆಳೆಯನ್ನು ನೆಚ್ಚದಿರುವುದು ನಮಗೆ ಹೊಸ ವಿದ್ಯೆಯಲ್ಲ. ಅದೇ ವಿವೇಕವನ್ನು ಇಲ್ಲಿಯೂ ಬಳಸಬೇಕು. ವೆಬ್‌ಸೈಟನ್ನು ವರ್ಷಕ್ಕೆ ಎರಡು ಸಲವಾದರೂ ತೆರೆದು ತಿದ್ದಿರಿ. ಆದರೆ ಅದೊಂದರ ಸ್ಥಾನವನ್ನೇ ನಂಬಿ ಹೊಸ ಸಾಲ ಮಾಡಬೇಡಿ.