ಹಿಮ್ಮಡಿಯ ನೋವು: ಕಾರಣ ಮತ್ತು ಉಪಚಾರ

ನಿಂತು ಮಾಡುವ ವೃತ್ತಿಗಳಲ್ಲಿ ಅಧ್ಯಾಪನವೂ ಒಂದು. ದಿನವೂ ನಾಲ್ಕೈದು ತಾಸು ಕಲ್ಲುಹಾಸಿನ ಮೇಲೆ ನಿಂತು ಪಾಠ ಹೇಳುವವರಿಗೂ, ಪ್ರಸಾದನಿಲಯದಲ್ಲಿ ಅಡುಗೆ ಮಾಡಿ ಬಡಿಸುವವರಿಗೂ ನಡುವಯಸ್ಸಿನಲ್ಲಿ ಹಿಮ್ಮಡಿಯ ನೋವು ಕಾಣಿಸಿಕೊಳ್ಳುವುದು ಅಪರೂಪವಲ್ಲ. ಕೆಲವರು ಇದನ್ನು ವಾಯುವೆಂದು ಅಲಕ್ಷಿಸುತ್ತಾರೆ. ಕೆಲವರು ಎಲುಬು ಬೆಳೆದಿದೆಯೆಂದು ಅಂಜುತ್ತಾರೆ. ಎರಡೂ ಸಲ್ಲದು. ನೋವಿನ ಮೂಲವನ್ನರಿತರೆ ಅದರ ಉಪಚಾರ ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಹಿಮ್ಮಡಿಯ ಎಲುಬಿನ ತಳದಿಂದ ಕಾಲ್ಬೆರಳುಗಳ ಬುಡದವರೆಗೆ ಗಟ್ಟಿಯಾದ ತಂತುಪಟ್ಟಿಯೊಂದು ಹರಡಿಕೊಂಡಿದೆ. ವೈದ್ಯರು ಇದನ್ನು ‘ಪ್ಲಾಂಟರ್ ಫೇಶಿಯಾ’ ಎನ್ನುತ್ತಾರೆ. ಬಿಲ್ಲಿಗೆ ಹೆದೆಯಿರುವಂತೆ ಪಾದದ ಕಮಾನಿಗೆ ಇದು ಆಧಾರ. ದೀರ್ಘಕಾಲ ನಿಲ್ಲುವುದು, ದೇಹದ ತೂಕ ಏರುವುದು, ಮೀನಖಂಡದ ಬಿಗಿತ, ತೆಳು ಅಟ್ಟೆಯ ಪಾದರಕ್ಷೆ ಇವುಗಳಿಂದ ಪಟ್ಟಿಯ ಮೇಲೆ ಒತ್ತಡ ಹೆಚ್ಚಿ, ಅದು ಎಲುಬಿಗೆ ಅಂಟಿಕೊಂಡ ಜಾಗದಲ್ಲಿ ಸವೆಯುತ್ತದೆ. ರಾತ್ರಿಯೆಲ್ಲ ಸಡಿಲವಾಗಿದ್ದ ಪಟ್ಟಿ ಬೆಳಗಿನ ಮೊದಲ ಹೆಜ್ಜೆಗೆ ಒಮ್ಮೆಲೆ ಬಿಗಿಯುವುದರಿಂದ ಆಗಲೇ ನೋವು ತೀವ್ರ.

ಇದನ್ನು ಬಹುಕಾಲ ಉರಿಯೂತವೆಂದೇ ಎಣಿಸಲಾಗಿತ್ತು. 2003ರಲ್ಲಿ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಗೊಳಗಾದ 50 ರೋಗಿಗಳ ತಂತುಗಳನ್ನು ಪರಿಶೀಲಿಸಿ, ಅಲ್ಲಿರುವುದು ಉರಿಯೂತಕ್ಕಿಂತ ಸವೆತವೆಂದು ತೋರಿಸಿದರು. ಕ್ಷ-ಕಿರಣದಲ್ಲಿ ಕಾಣುವ ಎಲುಬಿನ ಮುಳ್ಳು ನೋವಿಲ್ಲದ ಅನೇಕರಲ್ಲಿಯೂ ಇರುತ್ತದೆ. ಅದನ್ನು ಕಂಡು ಧೃತಿಗೆಡಬೇಕಾಗಿಲ್ಲ.

ಉಪಚಾರದಲ್ಲಿ ಮೊದಲನೆಯದು ವ್ಯಾಯಾಮ. ಹಾಸಿಗೆಯಿಂದಿಳಿಯುವ ಮುನ್ನ ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿರಿಸಿ, ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನತ್ತ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಗೋಡೆಗೆ ಕೈಯೂರಿ, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ನಿಂತು ಮೀನಖಂಡವನ್ನೂ ಹಿಗ್ಗಿಸಬೇಕು. ಮನೆಯೊಳಗೂ ಮೆತ್ತನೆಯ ಅಟ್ಟೆಯ ಚಪ್ಪಲಿ ಧರಿಸುವುದು, ತರಗತಿಗಳ ನಡುವೆ ತುಸು ಕುಳಿತುಕೊಳ್ಳುವುದು, ತೂಕವನ್ನು ಹತೋಟಿಯಲ್ಲಿಡುವುದು ಹಿತಕರ. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆಯಿಟ್ಟು ಶಾಖ ಕೊಡುವ ರೂಢಿ ನಮ್ಮಲ್ಲಿದೆ. ಇದರಿಂದ ತಾತ್ಕಾಲಿಕ ಹಿತವೆನಿಸಬಹುದು. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಸುಟ್ಟುದೂ ತಿಳಿಯದು. ಅಂಥವರು ಇದನ್ನು ಮಾಡಲೇಬಾರದು. ಸ್ಟಿರಾಯ್ಡ್ ಚುಚ್ಚುಮದ್ದಿನ ಫಲ ಅಲ್ಪಕಾಲದ್ದು. ಅದರಿಂದ ಪಟ್ಟಿಯೇ ಹರಿಯುವ ಸಂಭವವೂ ಉಂಟು.

ಇಲ್ಲಿ ಬೇಕಾದುದು ತಾಳ್ಮೆ. ಹೆಚ್ಚಿನವರು ಶಸ್ತ್ರಚಿಕಿತ್ಸೆಯಿಲ್ಲದೆಯೇ ಒಂದು ವರ್ಷದೊಳಗೆ ಗುಣಹೊಂದುತ್ತಾರೆ. ಆದರೆ ಜ್ವರ, ಬಾವು, ಜೋಮು, ವಿಶ್ರಾಂತಿಯಲ್ಲಿಯೂ ಬಿಡದ ನೋವು, ಬಿದ್ದ ಮೇಲೆ ಹೆಜ್ಜೆಯಿಡಲಾಗದಿರುವುದು ಕಂಡುಬಂದರೆ ವೈದ್ಯರನ್ನು ತಡಮಾಡದೆ ಕಾಣಬೇಕು.

ಅಧ್ಯಾಪಕರು ಇನ್ನೊಂದು ಮಾತನ್ನು ಗಮನಿಸಬೇಕು. ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಹಿಮ್ಮಡಿಯ ಬೆಳೆಯುವ ಭಾಗವು ಓಟ, ಜಿಗಿತಗಳಿಂದ ನೋಯಬಹುದು. 1912ರಲ್ಲಿ ಇದನ್ನು ವಿವರಿಸಿದ ವೈದ್ಯನ ಹೆಸರಿನಿಂದ ಇದಕ್ಕೆ ‘ಸೀವರ್ ವ್ಯಾಧಿ’ ಎನ್ನುತ್ತಾರೆ. ಖೋ-ಖೋ ಆಡಿದ ಬಾಲಕ ಕುಂಟುತ್ತ ಬಂದರೆ ಅದನ್ನು ಸೋಮಾರಿಯ ನೆಪವೆಂದು ಗದರಿಸದೆ, ನೋವು ತಗ್ಗುವವರೆಗೆ ಆಟದಿಂದ ಬಿಡುವು ಕೊಡುವುದು ಗುರುವಿನ ಕರ್ತವ್ಯ.